ನನ್ನ ಬೆರಳುಗಳ ಮೇಲೆ ದಂಡೆತ್ತಿ ಬಂದ ನನ್ನದೇ ಕಾವಲುಪಡೆಗೆ

ನನ್ನ ಮೈಯೊಳಗೆ ಹುಟ್ಟಿದಂದಿನಿಂದ ದುಡಿಯುತ್ತಿರುವ, ಒಂದು ದಿನವೂ ರಜೆ ಕೇಳದ, ಬಡ್ತಿಗೆ ಅರ್ಜಿ ಹಾಕದ, ಇದುವರೆಗೆ ಒಮ್ಮೆಯೂ ಮುಖ ತೋರಿಸದ ಮಾನ್ಯ ರೋಗನಿರೋಧಕ ಶಕ್ತಿಯವರೇ,

ತಮಗೆ ಅನಂತ ನಮಸ್ಕಾರಗಳು. ನಮಸ್ಕಾರವನ್ನು ಕೈ ಜೋಡಿಸಿ ಮಾಡುವುದು ಸರಿಯಾದ ಕ್ರಮವೆಂದು ನನಗೂ ಗೊತ್ತು. ಆದರೆ ತಮ್ಮ ಕೃಪೆಯಿಂದ ಕಳೆದ ವರ್ಷ ಬಹುಪಾಲು ನನ್ನ ಎರಡು ಅಂಗೈಗಳು ಒಂದಕ್ಕೊಂದು ನೆಟ್ಟಗೆ ಕೂಡುತ್ತಿರಲಿಲ್ಲವಾದ್ದರಿಂದ, ಬರಹದಲ್ಲೇ ಸಲ್ಲಿಸುತ್ತಿರುವ ಈ ನಮಸ್ಕಾರವನ್ನು ತಾವು ದೊಡ್ಡ ಮನಸ್ಸು ಮಾಡಿ ಸ್ವೀಕರಿಸಬೇಕು. ತಾವು ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು, ತಾವು ಅಗತ್ಯಕ್ಕಿಂತ ಹೆಚ್ಚೇ ಕ್ಷೇಮವಾಗಿದ್ದೀರೆಂದು ನನ್ನ ರಕ್ತಪರೀಕ್ಷೆಯ ವರದಿ ಮೂರು ಕಡೆ ಕೆಂಪು ಗೆರೆ ಎಳೆದು ಹೇಳಿದೆ.

ಮನೆಯ ವಿಚಾರವನ್ನು ಹೀಗೆ ಬೀದಿಗೆ ತರುವುದು ನನಗೂ ಇಷ್ಟವಿಲ್ಲ. ಆದರೆ ತಮ್ಮಂಥವರು ನನ್ನೊಬ್ಬಳ ಮೈಯಲ್ಲಿ ಮಾತ್ರ ಇಲ್ಲ. ಎಲ್ಲರ ಮೈಯಲ್ಲೂ ಇದ್ದೀರಿ. ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗದೆ, ಇದೇನೋ ವಯಸ್ಸಿನ ತೊಂದರೆಯಿರಬೇಕು ಎಂದು ಎಣ್ಣೆ ತಿಕ್ಕಿಕೊಂಡು ಕೂತ ಯಾರಾದರೂ ಇದನ್ನು ಓದಿ ನಾನು ಮಾಡಿದಷ್ಟು ತಡ ಮಾಡದಿದ್ದರೆ ಸಾಕು ಎಂಬ ಒಂದೇ ಆಸೆಯಿಂದ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ಹಿಂದಿನ ಸೇವೆಯನ್ನು ಮರೆತವಳಲ್ಲ ನಾನು. ಆರನೆಯ ವಯಸ್ಸಿನಲ್ಲಿ ಅಣ್ಣ ನನಗೆ ಚರಂಡಿಯ ನೀರಲ್ಲಿ ಕಾಗದದ ದೋಣಿ ಬಿಡುವುದನ್ನು ಕಲಿಸಿದ ಮರುದಿನ ಬಂದ ಜ್ವರವನ್ನು ತಾವು ಓಡಿಸಿದಿರಿ. ಇಡೀ ತರಗತಿಗೆ ಸಿಡುಬಿನಂಥ ಗುಳ್ಳೆಗಳು ಎದ್ದಾಗ ನನ್ನನ್ನು ನಾಲ್ಕೇ ಗುಳ್ಳೆಗೆ ಪಾರು ಮಾಡಿದಿರಿ. ಮೂವತ್ತು ಮಕ್ಕಳು ಮೂವತ್ತು ಬಗೆಯ ಶೀತ ಹೊತ್ತು ತರುವ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ನಾನು ಪಾಠ ಮಾಡಿದ್ದೇನೆಂದರೆ ಅದರ ಪೂರ್ತಿ ಶ್ರೇಯಸ್ಸು ತಮ್ಮದೇ. ಇಷ್ಟು ನಿಷ್ಠೆಯಿಂದ ಬಾಗಿಲು ಕಾದವರು ನಲವತ್ತಮೂರನೆಯ ವರ್ಷದಲ್ಲಿ ಏಕಾಏಕಿ ಒಳಗೆ ತಿರುಗಿ, ಮನೆಯವರನ್ನೇ ಕಳ್ಳರೆಂದು ಹಿಡಿದು ಬಡಿಯತೊಡಗಿದ್ದು ಯಾಕೆ ಎಂಬುದಷ್ಟೇ ನನ್ನ ಅತ್ಯಂತ ವಿನಮ್ರ ಪ್ರಶ್ನೆ.

ತಾವು ಹಿಡಿದವರು ಯಾರೆಂದು ತಮಗೆ ತಿಳಿಯದಿರಬಹುದು. ನನ್ನ ಹತ್ತು ಬೆರಳುಗಳಿಗೆ ಬೇರೆಯವರ ಬೆರಳುಗಳಿಗಿಂತ ಸ್ವಲ್ಪ ಹೆಚ್ಚಿನ ಕೆಲಸವಿದೆ. ನಾನು ಕಿವುಡ ಮಕ್ಕಳ ಶಾಲೆಯಲ್ಲಿ ಟೀಚರು. ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಹುಟ್ಟು ಕಿವುಡ, ಬಡಗಿ. ನಾನು ಬಾಯಿಂದ ಮೊದಲ ಮಾತು ಆಡುವುದಕ್ಕಿಂತ ಎರಡು ತಿಂಗಳು ಮುಂಚೆಯೇ ಕೈಯಿಂದ ‘ಹಾಲು’ ಅಂದಿದ್ದೆನಂತೆ. ಅದನ್ನು ಮೊದಲು ಕಂಡವನು ಅವನೇ. ಅವತ್ತಿನಿಂದ ನಮ್ಮಿಬ್ಬರ ಮಾತೆಲ್ಲ ಕೈಯಲ್ಲೇ. ಅತ್ತಿಗೆಗೆ ಕಿವಿ ಕೇಳುತ್ತದೆ, ಮದುವೆಯಾದ ಮೇಲೆ ಸನ್ನೆ ಕಲಿತಳು, ಈಗ ಅವಳು ಎರಡು ಕೈಯಲ್ಲೂ ಹಿಟ್ಟು ಮೆತ್ತಿಕೊಂಡೇ ಅಣ್ಣನನ್ನು ಬೈಯಬಲ್ಲಳು. ನಾವು ಮೂವರೂ ಒಂದೇ ಮನೆಯಲ್ಲಿರುತ್ತೇವೆ. ಹೊರಗಿನಿಂದ ನೋಡಿದವರಿಗೆ ಬಹಳ ಶಾಂತವಾದ ಮನೆ. ಒಳಗೆ ಮೂರು ಜೋಡಿ ಕೈಗಳ ಗಲಾಟೆ.

ತಮ್ಮ ದಾಳಿ ಶುರುವಾದದ್ದು ಒಂದು ಸೋಮವಾರ ಬೆಳಗ್ಗೆ, ಪೇಸ್ಟಿನ ಮುಚ್ಚಳದಿಂದ. ಅದು ತಿರುಗಲಿಲ್ಲ. ಯಾರೋ ಬಿಗಿಯಾಗಿ ಮುಚ್ಚಿದ್ದಾರೆಂದು ಅತ್ತಿಗೆಯ ಮೇಲೆ ಗೊಣಗಿದೆ. ಮಂಗಳವಾರ ನಲ್ಲಿ ತಿರುಗಲಿಲ್ಲ. ಅಣ್ಣನ ಮೇಲೆ ಗೊಣಗಿದೆ. ಬುಧವಾರ ರವಿಕೆಯ ಗುಂಡಿ ಹಾಕಲಾಗಲಿಲ್ಲ; ಆಗ ಗೊಣಗಲು ನಾನೊಬ್ಬಳೇ ಉಳಿದಿದ್ದೆ. ಎರಡು ಕೈಯಲ್ಲೂ ಬೆರಳಿನ ನಡುಗೆಣ್ಣುಗಳು ಹುಣಿಸೆಬೀಜದಂತೆ ಊದಿ ಮಿರಿಮಿರಿ ಮಿಂಚುತ್ತಿದ್ದವು. ಎಡಗೈಯಲ್ಲಿ ಯಾವ ಗೆಣ್ಣೋ ಬಲಗೈಯಲ್ಲೂ ಅದೇ ಗೆಣ್ಣು. ತಮ್ಮ ಸಮಾನತೆಯ ಪ್ರಜ್ಞೆಗೆ ನಾನು ತಲೆಬಾಗುತ್ತೇನೆ. ಎದ್ದ ಮೇಲೆ ಒಂದೂವರೆ ಗಂಟೆ ಕೈಗಳು ಮರದ ಕೈಗಳಾಗಿರುತ್ತಿದ್ದವು, ಆಮೇಲೆ ನಿಧಾನವಾಗಿ ಸಡಿಲವಾಗುತ್ತಿದ್ದವು. ಶಾಲೆಯ ಮೊದಲ ಪಾಠ ಮಾತ್ರ ಆ ಒಂದೂವರೆ ಗಂಟೆಯ ಒಳಗೇ ಬರುತ್ತಿತ್ತು.

ಇದನ್ನು ಮೊದಲು ಪತ್ತೆ ಹಚ್ಚಿದ್ದು ನಾಲ್ಕನೆಯ ತರಗತಿಯ ಒಬ್ಬ ಹುಡುಗಿ. ನಮ್ಮಲ್ಲಿ ಎಲ್ಲರಿಗೂ ಒಂದೊಂದು ಸನ್ನೆಯ ಹೆಸರಿರುತ್ತದೆ. ಅವಳದು ಕೆನ್ನೆಗೆ ಬೆರಳೊತ್ತಿ ತಿರುಗಿಸುವುದು, ಅಂದರೆ ‘ಗುಳಿಕೆನ್ನೆ’. ನಾನು ಮಳೆಯ ಬಗ್ಗೆ ಪಾಠ ಮಾಡುತ್ತಿದ್ದೆ. ಗುಳಿಕೆನ್ನೆ ಎದ್ದು ನಿಂತು ಕೈಯಾಡಿಸಿದಳು:

“ಟೀಚರ್, ನೀವು ಯಾಕೆ ಗೊಣಗೊಣ ಅಂತ ಮಾತಾಡ್ತೀರಿ?”

“ಎಲ್ಲಿ ಗೊಣಗಿದೆ?”

“ಕೈಯಲ್ಲಿ. ಮೋಡ ಅಂತೀರೋ ಆಲೂಗಡ್ಡೆ ಅಂತೀರೋ ಗೊತ್ತಾಗಲ್ಲ. ಅರ್ಧ ಕ್ಲಾಸು ಆಲೂಗಡ್ಡೆ ಅಂತ ಬರ್ಕೊಂಡಿದೆ.”

ನೋಡಿದರೆ ನಿಜ. ಹನ್ನೊಂದು ಪುಸ್ತಕಗಳಲ್ಲಿ ಆಕಾಶದಲ್ಲಿ ಕಪ್ಪು ಆಲೂಗಡ್ಡೆಗಳು ಸೇರಿದಾಗ ಮಳೆ ಬರುತ್ತದೆ ಎಂದಿತ್ತು. ನಾನು ನಕ್ಕೆ, ಮಕ್ಕಳೂ ನಕ್ಕರು. ಸ್ಟಾಫ್ ರೂಮಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ನಗು ನಿಂತುಹೋಯಿತು. ಹಾಡುವವಳಿಗೆ ಗಂಟಲು ಕಟ್ಟಿದರೆ ಹೇಗೋ ಹಾಗೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಹಾಡುವವಳು ಹಾಡು ನಿಲ್ಲಿಸಿದರೂ ಮನೆಗೆ ಹೋಗಿ ಅಣ್ಣನ ಜೊತೆ ಮಾತಾಡಬಲ್ಲಳು.

ಆಮೇಲಿನ ನಾಲ್ಕು ತಿಂಗಳು ನಾನು ಮಾಡಿದ ಮೂರ್ಖತನಕ್ಕೆ ತಾವು ಹೊಣೆಯಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳುತ್ತೇನೆ. ಔಷಧದಂಗಡಿಯವನು ಕೊಟ್ಟ ನೋವಿನ ಮಾತ್ರೆ ನುಂಗಿದೆ. ಪಕ್ಕದ ಮನೆಯವರು ಟೊಮೆಟೊ ಬಿಡಿ ಅಂದರು, ಬಿಟ್ಟೆ. ಹೆಡ್ ಮೇಡಂ ಬದನೆಕಾಯಿ ಬಿಡಿ ಅಂದರು, ಬಿಟ್ಟೆ. ನಮ್ಮ ಸೋದರತ್ತೆ ಫೋನಿನಲ್ಲಿ, “ನನಗೂ ನಿನ್ನ ವಯಸ್ಸಲ್ಲೇ ಶುರುವಾಗಿದ್ದು ಕಣೇ, ನಾನೇನು ಡಾಕ್ಟರ ಹತ್ರ ಹೋದ್ನಾ? ಸಹಿಸ್ಕೊಂಡೆ,” ಅಂದರು. ಅವರು ಆ ಮಾತನ್ನು ಹೆಮ್ಮೆಯಿಂದಲೇ ಹೇಳಿದ್ದು. ಅವರ ಬೆರಳುಗಳು ಗಾಳಿಗೆ ಬಾಗಿದ ಹುಲ್ಲಿನಂತೆ ಎಲ್ಲವೂ ಒಂದೇ ಕಡೆಗೆ ವಾಲಿವೆ. ಒಂದು ಲೋಟ ಹಿಡಿಯಬೇಕಾದರೆ ಎರಡು ಮಣಿಕಟ್ಟುಗಳ ನಡುವೆ ಹಿಡಿಯುತ್ತಾರೆ. ಫೋನ್ ಇಟ್ಟ ಮೇಲೆ ನನಗೆ ಆ ಲೋಟ ನೆನಪಾಯಿತು. ಆದರೂ ಹೋಗಲಿಲ್ಲ. ಭಯವಿದ್ದವರು ಬೇಗ ಹೋಗುತ್ತಾರೆ ಎಂದುಕೊಳ್ಳಬೇಡಿ. ಭಯವಿದ್ದವರೇ ತಡ ಮಾಡುವುದು.

ಕೊನೆಗೆ ಎಳೆದುಕೊಂಡು ಹೋದವಳು ಅತ್ತಿಗೆ. ಒಂದು ದಿನ ಬೆಳಗ್ಗೆ ನಾನು ಅಣ್ಣನಿಗೆ ‘ಚಾ ಆರಿಹೋಗುತ್ತೆ’ ಎಂದು ಹೇಳಲು ಕೈ ಎತ್ತಿ, ಆಗದೆ, ಕೈ ಇಳಿಸಿ ಸುಮ್ಮನಾದದ್ದನ್ನು ಅವಳು ನೋಡಿಬಿಟ್ಟಳು. “ಇವತ್ತು ಶಾಲೆಗೆ ರಜೆ ಹಾಕು. ಚಪ್ಪಲಿ ಮೆಟ್ಕೋ. ನಿನ್ನ ಅಣ್ಣನೂ ಬರ್ತಾನೆ,” ಅಂದಳು. ಅವಳು ಹಾಗೆ ಪೂರ್ಣವಿರಾಮ ಇಟ್ಟು ಇಟ್ಟು ಮಾತಾಡಿದರೆ ನಮ್ಮ ಮನೆಯಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ.

ಕೀಲುರೋಗದ ಡಾಕ್ಟರು ಸಣ್ಣ ಆಳಿನ, ದೊಡ್ಡ ದನಿಯ ಹೆಂಗಸು. ನನ್ನ ಒಂದೊಂದು ಗೆಣ್ಣನ್ನೂ ಮಾಗಿದ ಹಣ್ಣು ಮುಟ್ಟಿದಂತೆ ಮುಟ್ಟಿ ನೋಡಿದರು, ರಕ್ತ ತೆಗೆಸಿದರು, ಎಕ್ಸರೇ ತೆಗೆಸಿದರು. ಮುಂದಿನ ವಾರ ವರದಿ ಮುಂದಿಟ್ಟುಕೊಂಡು ತಮ್ಮ ಹೆಸರು ಹೇಳಿದರು. ನಾನು ತಮ್ಮ ಹೆಸರನ್ನು ಅದುವರೆಗೆ ಹೊಗಳಿಕೆಯಲ್ಲಿ ಮಾತ್ರ ಕೇಳಿದ್ದೆ. ಅಂಗಡಿಯಲ್ಲಿ ಅರ್ಧ ಡಬ್ಬಿಗಳ ಮೇಲೆ ತಮ್ಮನ್ನು ಹೆಚ್ಚಿಸುತ್ತೇವೆ ಎಂದೇ ಬರೆದಿರುತ್ತದೆ. ತಮ್ಮ ಮೇಲೆ ದೂರು ಕೇಳಿದ್ದು ಅದೇ ಮೊದಲು.

“ಹೊರಗಿಂದ ಬರೋ ರೋಗಾಣುನ ಹೊಡೆಯೋದು ಇದರ ಕೆಲಸ,” ಅಂದರು ಡಾಕ್ಟರು. “ನಿಮ್ಮಲ್ಲಿ ಅದು ಕೀಲಿನ ಒಳಪದರನೇ ಹೊರಗಿನವರು ಅಂತ ತಪ್ಪು ತಿಳ್ಕೊಂಡು ಹೊಡೀತಾ ಇದೆ. ಅದಕ್ಕೇ ಊತ, ಅದಕ್ಕೇ ಬಿಗಿತ. ಹೀಗೇ ಬಿಟ್ರೆ ಮೂಳೆ ಸವೆಯುತ್ತೆ, ಬೆರಳು ವಾಲುತ್ತೆ.”

ನಾನು ಇಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ: “ನಾನು ಏನು ತಪ್ಪು ಮಾಡಿದೆ ಡಾಕ್ಟ್ರೇ? ತಿನ್ನೋದರಲ್ಲಾ, ಇನ್ಯಾವುದರಲ್ಲಾ?”

“ಏನೂ ಮಾಡಿಲ್ಲ. ಟೊಮೆಟೊ ತಿನ್ನಿ. ಬದನೆಕಾಯಿನೂ ತಿನ್ನಿ.”

ಆ ವಾಕ್ಯ ಕೇಳಿ ನನಗೆ ಅಳು ಬಂದದ್ದು ಬದನೆಕಾಯಿಯ ಮೇಲಿನ ಪ್ರೀತಿಯಿಂದಲ್ಲ ಎಂದು ತಮಗೆ ಗೊತ್ತಿರಬೇಕು. ನಂತರ ಅವರು ನಿಧಾನವಾಗಿ ವಿವರಿಸಿದರು. ಇಂಥದ್ದೇ ಕಾರಣ ಎಂದು ಬೆರಳು ತೋರಿಸುವ ಹಾಗಿಲ್ಲವಂತೆ. ವಂಶದಲ್ಲಿ ಒಂದಿಷ್ಟು ಬರುತ್ತದೆ. ನಾನು ಸೋದರತ್ತೆಯ ಕೈಯನ್ನು ವರ್ಣಿಸಿದಾಗ ಅವರು ತಲೆಯಾಡಿಸಿ ಬರೆದುಕೊಂಡರು. ಆದರೆ ವಂಶದಲ್ಲಿದ್ದ ಮಾತ್ರಕ್ಕೆ ಬಂದೇ ಬರುತ್ತದೆ ಎಂದೂ ಇಲ್ಲ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಬೀಡಿ ಸಿಗರೇಟಿನ ಹೊಗೆ ತಮ್ಮನ್ನು ಕೆರಳಿಸುತ್ತದೆ. ವಸಡಿನ ಹಳೇ ಸೋಂಕಿಗೂ ಇದಕ್ಕೂ ನಂಟಿದೆ ಎನ್ನುತ್ತಾರೆ. ನನ್ನ ವಸಡಿನಿಂದ ಎಷ್ಟೋ ವರ್ಷದಿಂದ ರಕ್ತ ಬರುತ್ತಿತ್ತು, ಬ್ರಷ್ ಗಟ್ಟಿಯಿದೆ ಎಂದು ಬ್ರಷ್ ಬದಲಿಸುತ್ತಿದ್ದೆ. “ಅದರಿಂದಲೇ ಬಂತು ಅಂತ ನಾನು ಹೇಳಲ್ಲ. ಆದ್ರೆ ಹಲ್ಲಿನ ಡಾಕ್ಟರ ಹತ್ರ ಹೋಗಿ,” ಅಂದರು. ಇದನ್ನು ಬಾರದಂತೆ ಖಂಡಿತವಾಗಿ ತಡೆಯುವ ಉಪಾಯ ಇನ್ನೂ ಯಾರಿಗೂ ಗೊತ್ತಿಲ್ಲ. ಅಪಾಯವನ್ನು ಕಡಿಮೆ ಮಾಡಿಕೊಳ್ಳಬಹುದು, ಬಂದರೆ ಬೇಗ ಹಿಡಿಯಬಹುದು, ಅಷ್ಟೇ. ಆ ‘ಬೇಗ’ ಎಂಬಲ್ಲಿ ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು.

ಆಮೇಲೆ ಅವರ ಕಣ್ಣು ಅಣ್ಣನ ಜೇಬಿನಿಂದ ಇಣುಕುತ್ತಿದ್ದ ಸಿಗರೇಟಿನ ಪ್ಯಾಕಿನ ಮೇಲೆ ಬಿತ್ತು. “ಇವರು ನಿಮ್ಮ ಸ್ವಂತ ಅಣ್ಣನಾ? ಹಾಗಾದ್ರೆ ಇವರಿಗೂ ಬರೋ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು. ಅದರ ಮೇಲೆ ಹೊಗೆ ಬೇರೆ. ಇವತ್ತೇ ಬಿಡೋಕೆ ಹೇಳಿ ಅವರಿಗೆ.”

ಮಾನ್ಯರೇ, ಆ ದೃಶ್ಯವನ್ನು ತಾವು ನನ್ನ ಒಳಗಿನಿಂದಲೇ ನೋಡಿರುತ್ತೀರಿ. ಡಾಕ್ಟರ ಬೈಗುಳವನ್ನೆಲ್ಲ ನಾನು ನನ್ನ ಊದಿದ ಬೆರಳುಗಳಿಂದ ಒಂದೊಂದಾಗಿ ಅನುವಾದ ಮಾಡಬೇಕಾಯಿತು. ಅಣ್ಣ ಹುಬ್ಬು ಗಂಟಿಕ್ಕಿ, ತಲೆ ಒಂದು ಕಡೆ ವಾಲಿಸಿ, ಬಹಳ ಗಮನವಿಟ್ಟು ನೋಡಿದ. ಕೊನೆಗೆ ಅತ್ಯಂತ ವಿಷಾದದ ಮುಖ ಮಾಡಿ ಸನ್ನೆ ಮಾಡಿದ: “ಪಾಪ, ನಿನ್ನ ಕೈ ಸರಿಯಿಲ್ಲ. ಒಂದಕ್ಷರವೂ ಅರ್ಥವಾಗಲಿಲ್ಲ.”

ಮೂವತ್ತು ವರ್ಷದ ಸಿಗರೇಟನ್ನು ಕಾಪಾಡಿಕೊಳ್ಳಲು ಅವನು ತಮ್ಮ ದಾಳಿಯನ್ನೇ ಗುರಾಣಿ ಮಾಡಿಕೊಂಡ. ಅತ್ತಿಗೆ ಪಕ್ಕದಿಂದ ತನ್ನ ಗಟ್ಟಿಮುಟ್ಟಾದ ಕೈಗಳಲ್ಲಿ ಅದನ್ನೇ ಮತ್ತೆ ಹೇಳಿದಳು. ಅಷ್ಟರಲ್ಲಿ ಅವನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ನನಗೆ ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ ಕೊಟ್ಟರು. ದಿನಾ ನುಂಗಿದರೆ ಅಪಾಯ, ವಾರಕ್ಕೊಮ್ಮೆ ಮಾತ್ರ ಎಂದು ಡಾಕ್ಟರು ಮೂರು ಸಲ ಹೇಳಿ ನನ್ನಿಂದ ಒಂದು ಸಲ ಹೇಳಿಸಿದರು. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಜ್ವರ ಬಂದರೆ ಕೂಡಲೇ ತಿಳಿಸಬೇಕು, ಗುಣ ಕಾಣಲು ಎರಡು ಮೂರು ತಿಂಗಳು ಹಿಡಿಯಬಹುದು. ತಮ್ಮನ್ನು ಕೆಲಸದಿಂದ ತೆಗೆಯುವುದಲ್ಲ, ಸ್ವಲ್ಪ ಕೂಗಾಟ ಕಡಿಮೆ ಮಾಡಿ ಎಂದು ತಿಳಿಹೇಳುವುದಷ್ಟೇ ಆ ಮಾತ್ರೆಯ ಕೆಲಸ ಎಂದು ನಾನು ಅರ್ಥ ಮಾಡಿಕೊಂಡೆ. ತಾವು ಅಷ್ಟು ಬೇಗ ಅರ್ಥ ಮಾಡಿಕೊಳ್ಳಲಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮೂರು ಸಲ ಬಾಯಿ ಕಳೆದು ಮಲಗಿ ಬಂದೆ. ಒಂದು ತಿಂಗಳು ಕಳೆಯಿತು. ಪೇಸ್ಟಿನ ಮುಚ್ಚಳ ತೆರೆದೇ ಇರುತ್ತಿತ್ತು.

ಆಗ ಅಣ್ಣನಿಗೆ ಸಂದರ್ಶನದ ಕರೆ ಬಂತು. ಮರಗೆಲಸ ಕಲಿಸುವ ತರಬೇತಿ ಶಾಲೆಯಲ್ಲಿ ಬೋಧಕರ ಹುದ್ದೆ. ಅವನು ಇಪ್ಪತ್ತೇಳು ವರ್ಷದಿಂದ ಬೇರೆಯವರ ಕಾರ್ಖಾನೆಯ ಮೂಲೆಯಲ್ಲಿ ನಿಂತು ಕಿಟಕಿ ಬಾಗಿಲು ಮಾಡಿದವನು. ಅವನಿಗೆ ಕಲಿಸಲು ಬರುತ್ತದೆ ಎಂದು ಕೇಳಿದವರೇ ಇರಲಿಲ್ಲ. ಪತ್ರ ಬಂದ ದಿನ ಅವನು ಮಡಚಿ, ಬಿಡಿಸಿ, ಮಡಚಿ, ಕೊನೆಗೆ ಅದು ಮಡಿಕೆಯ ಗೆರೆಯಲ್ಲೇ ಹರಿದುಹೋಯಿತು. ಅತ್ತಿಗೆ ಅಂಟು ಹಚ್ಚಿದಳು. ಅನುವಾದಕ್ಕೆ ನಾನೇ ಹೋಗಬೇಕೆಂದು ತೀರ್ಮಾನವಾಯಿತು, ಏಕೆಂದರೆ ಅವನ ಕೆಲಸದ ಮಾತುಗಳು ನನಗಷ್ಟು ಬೇರೆ ಯಾರಿಗೂ ಬರುವುದಿಲ್ಲ. ಅಂದು ಬೆಳಗ್ಗೆ ಎದ್ದಾಗ ನನ್ನ ಕೈಗಳ ಸ್ಥಿತಿ ಹೇಗಿತ್ತೆಂದು ತಮಗೆ ಚೆನ್ನಾಗಿ ಗೊತ್ತು. ನಾನು ಬಿಸಿನೀರಲ್ಲಿ ಕೈಯದ್ದಿ, ಅಣ್ಣನಿಗೆ ಏನೂ ಹೇಳದೆ ಹೊರಟೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಉದ್ದನೆಯ ಮೇಜು, ಆಚೆ ಮೂವರು. ನಡುವೆ ಪ್ರಾಂಶುಪಾಲೆ, ಎಡಕ್ಕೆ ಯಂತ್ರ ವಿಭಾಗದವರು, ಬಲಕ್ಕೆ ಕಡತ ಹಿಡಿದವರು. ಯಂತ್ರ ವಿಭಾಗದವರು ಕೇಳಿದರು: “ದೊಡ್ಡ ಯಂತ್ರಗಳ ಮೇಲೆ ಎಷ್ಟು ಅನುಭವ ಇದೆ?” ನಮ್ಮ ಸನ್ನೆಯಲ್ಲಿ ಯಂತ್ರವೆಂದರೆ ಎರಡು ಕೈಯ ಬೆರಳುಗಳು ಹಲ್ಲುಚಕ್ರದಂತೆ ಒಂದರೊಳಗೊಂದು ಕೂತು ತಿರುಗಬೇಕು. ನನ್ನವು ಕೂಡಲಿಲ್ಲ; ಎರಡು ಬೆರಳು ಮಾತ್ರ ಕೊಂಕಿ ಮೇಲೆದ್ದು ನಿಂತವು. ಅದು ಎಮ್ಮೆ.

ಅಣ್ಣ ಒಂದು ಕ್ಷಣ ಯೋಚಿಸಿ, ಪ್ರಾಮಾಣಿಕವಾಗಿ ಉತ್ತರಿಸಿದ. ನಾನು ಅನುವಾದಕಿ, ಅವನು ಹೇಳಿದ್ದನ್ನು ಕೂಡಲೇ, ಹೇಳಿದ ಹಾಗೇ ಹೇಳುವುದು ನನ್ನ ಧರ್ಮ. ಹೇಳಿಬಿಟ್ಟೆ: “ಒಂದೇ ಒಂದು ಸಲ. ಚಿಕ್ಕವನಿದ್ದಾಗ ಹತ್ತಿದ್ದೆ. ಬಿದ್ದು ಮುಂದಿನ ಹಲ್ಲು ಮುರೀತು.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಯಂತ್ರ ವಿಭಾಗದವರು ಅನುಕಂಪದಿಂದ, “ಹಾಗಾದ್ರೆ ವಿದ್ಯಾರ್ಥಿಗಳಿಗೆ ಯಂತ್ರದ ಹತ್ರ ಯಾವ ಎಚ್ಚರಿಕೆ ಹೇಳಿಕೊಡ್ತೀರಿ?” ಅಂದರು. ನಾನು ಮತ್ತೆ ಕೈ ಎತ್ತಿದೆ. ಮತ್ತೆ ಎರಡು ಕೊಂಬು. ಅಣ್ಣ ಈ ಸಲ ಹುರುಪಿನಿಂದ ಉತ್ತರಿಸಿದ, ನಾನು ಹೇಳಿದೆ: “ಬಾಲದ ಹಿಂದೆ ನಿಲ್ಲಬಾರದು. ಒದೆಯುತ್ತೆ.”

ಆ ಮಾತು ನನ್ನ ಬಾಯಿಂದ ಹೊರಬಿದ್ದು ನನ್ನದೇ ಕಿವಿಗೆ ತಲುಪಿದಾಗ ನನಗೆ ಆದದ್ದು ಅರ್ಥವಾಯಿತು. ನಾನು ಕೈಗಳನ್ನು ಮಡಿಲಿಗೆ ಇಳಿಸಿಕೊಂಡೆ. ಅಣ್ಣನ ಕಣ್ಣು ನನ್ನ ಮುಖದಿಂದ ಕೈಗೆ ಇಳಿಯಿತು. ಅವನು ಇಡೀ ಬೆಳಗು ಅವುಗಳ ಊತವನ್ನು ಗಮನಿಸಿರಲಿಲ್ಲ, ಈಗ ಗಮನಿಸಿದ. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತು, ನನ್ನ ಕಡೆಗಲ್ಲ, ಮೇಜಿನ ಕಡೆಗೆ ತಿರುಗಿ, ದೊಡ್ಡದಾಗಿ, ನಿಧಾನವಾಗಿ ಸನ್ನೆ ಮಾಡಿದ. ಮಾನ್ಯರೇ, ಅದನ್ನು ಬಾಯಲ್ಲಿ ಹೇಳುವುದೋ ಬೇಡವೋ ಎಂದು ನಾನು ಪಟ್ಟ ಪಾಡು ತಾವು ನನಗೆ ಕೊಟ್ಟ ಯಾವ ನೋವಿಗೂ ಕಡಿಮೆಯದ್ದಲ್ಲ. ಆದರೆ ಅವನ ಮಾತು ಅವನದು. ಹೇಳಿದೆ:

“ನನಗೆ ಈ ಕೆಲಸ ಬೇಡ. ನನ್ನ ತಂಗಿಗೆ ನೋವಾಗ್ತಾ ಇದೆ. ನಾವು ಮನೆಗೆ ಹೋಗ್ತೀವಿ.” ಒಂದು ಉಸಿರು ತೆಗೆದುಕೊಂಡು ಮುಂದುವರಿಸಿದೆ: “ಇದು ಅಭ್ಯರ್ಥಿಯ ಮಾತು. ಅವರ ತಂಗಿ ಇದನ್ನ ಒಪ್ಪಲ್ಲ. ಇದುವರೆಗೆ ಅವರು ಹೇಳಿದ್ದೆಲ್ಲ ಎಮ್ಮೆ ಬಗ್ಗೆ. ತಪ್ಪು ನನ್ನ ಬೆರಳಿನದು.”

ಕಡತ ಹಿಡಿದವರು ಮೊದಲು ನಕ್ಕರು. ಆಮೇಲೆ ಪ್ರಾಂಶುಪಾಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವಿನ ನೀರೋ ಬೇರೆಯದೋ ನನಗೆ ತಿಳಿಯದು. “ಮಾತು ಸಾಕು,” ಅಂದರು. “ಇವರು ಬಡಗಿ ತಾನೇ? ವರ್ಕ್‌ಶಾಪಿಗೆ ಹೋಗೋಣ ಬನ್ನಿ.”

ಅಲ್ಲಿ ಮೊದಲ ವರ್ಷದ ಇಬ್ಬರು ಹುಡುಗಿಯರು ಒಂದು ಚೌಕಟ್ಟಿಗೆ ಕೀಲು ಕೂಡಿಸಲು ಒದ್ದಾಡುತ್ತಿದ್ದರು; ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅಣ್ಣ ನನ್ನ ಕಡೆ ನೋಡಲೇ ಇಲ್ಲ. ಒಬ್ಬಳ ಮಣಿಕಟ್ಟು ಹಿಡಿದು ಉಳಿಯ ಕೋನ ತಿದ್ದಿದ. ಇನ್ನೊಬ್ಬಳ ಬೆರಳ ತುದಿಯನ್ನು ಮರದ ಸೀಳಿನ ಮೇಲೆ ಓಡಿಸಿ, ಎಲ್ಲಿ ಉಬ್ಬಿದೆಯೋ ಅಲ್ಲಿ ನಿಲ್ಲಿಸಿದ. ಅವಳು ತಲೆಯಾಡಿಸಿ ಒಂದು ಕೂದಲೆಳೆ ಕೆತ್ತಿದಳು. ಇಪ್ಪತ್ತು ನಿಮಿಷದಲ್ಲಿ ಕೀಲು ಕೂತಿತು. ಯಂತ್ರ ವಿಭಾಗದವರು ಅದನ್ನು ಎತ್ತಿ, ತಿರುಗಿಸಿ, ಕುಲುಕಿ, ನೆಲಕ್ಕೆ ಕುಟ್ಟಿ ನೋಡಿದರು. ಕದಲಲಿಲ್ಲ. ಅಣ್ಣ ಆಗ ನನ್ನ ಕಡೆ ತಿರುಗಿ ಒಂದೇ ಕೈಯಲ್ಲಿ ಕೇಳಿದ: “ಎಮ್ಮೆ ವಿಷಯ ಏನದು?”

ವಾಪಸು ಬರುವಾಗ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ಅವನು ಜೇಬಿನಿಂದ ಸಿಗರೇಟು ತೆಗೆದ. ಹಚ್ಚಲಿಲ್ಲ. ಸ್ವಲ್ಪ ಹೊತ್ತು ಅದನ್ನು ಬೆರಳುಗಳ ನಡುವೆ ಹೊರಳಿಸುತ್ತಾ ಕೂತವನು ಅದನ್ನು ಪಕ್ಕಕ್ಕಿಟ್ಟು ಕೇಳಿದ: “ಅವತ್ತು ಡಾಕ್ಟರು ಏನಂದರು? ಇನ್ನೊಂದ್ಸಲ ಹೇಳು.”

ಅಷ್ಟು ಹೊತ್ತಿಗೆ ಹೊತ್ತೇರಿ ನನ್ನ ಕೈಗಳು ತಕ್ಕಮಟ್ಟಿಗೆ ಸಡಿಲವಾಗಿದ್ದವು. ವಂಶದ ವಿಷಯ, ಹೊಗೆಯ ವಿಷಯ, ಸೋದರತ್ತೆಯ ಲೋಟ, ಬಡಗಿಯ ಬೆರಳು ವಾಲಿದರೆ ಉಳಿ ಹಿಡಿಯಲಾಗದ ವಿಷಯ, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಎರಡು ಬಸ್ಸು ಹೋದವು. ಅವನು ಅತ್ತಿತ್ತ ನೋಡದೆ ಕೊನೆಯವರೆಗೂ ನೋಡಿದ.

“ಈಗ ಅರ್ಥವಾಯಿತು,” ಎಂದ.

ಅಂದಿನಿಂದ ಅವನು ಪುಣ್ಯಪುರುಷನಾದ ಎಂದು ತಾವು ಭಾವಿಸಬಾರದು. ಎರಡು ಸಲ ಮತ್ತೆ ಶುರುಮಾಡಿ, ಎರಡು ಸಲವೂ ಅತ್ತಿಗೆಯ ಮೂಗಿಗೆ ಸಿಕ್ಕಿಬಿದ್ದ. ಸಿಟ್ಟಿನಲ್ಲಿ ಕಪಾಟಿನ ಬಾಗಿಲುಗಳನ್ನು ಅವನು ಎಷ್ಟು ಜೋರಾಗಿ ಹಾಕುತ್ತಿದ್ದನೆಂದರೆ, ಆ ಸದ್ದು ಅವನಿಗೊಬ್ಬನಿಗೆ ಬಿಟ್ಟು ಇಡೀ ಬೀದಿಗೆ ಕೇಳುತ್ತಿತ್ತು. ಬಾಯಿಗೆ ಲವಂಗ ಹಾಕಿಕೊಂಡು ಹಾಕಿಕೊಂಡು ಮನೆಯೆಲ್ಲ ಹಲ್ಲಿನ ಆಸ್ಪತ್ರೆಯ ವಾಸನೆ. ಆದರೆ ಈ ಪತ್ರ ಬರೆಯುವ ಹೊತ್ತಿಗೆ ಅವನು ಹೊಗೆ ಬಿಟ್ಟು ಐದು ತಿಂಗಳು, ಬೋಧಕನಾಗಿ ಏಳು ತಿಂಗಳು.

ಇಷ್ಟೆಲ್ಲ ತಮ್ಮ ಅವಗಾಹನೆಗೆ ತಂದ ಮೇಲೆ, ಕೆಲವು ಸಣ್ಣಪುಟ್ಟ ಬೇಡಿಕೆಗಳನ್ನು ಸಲ್ಲಿಸಲು ಅಪ್ಪಣೆಯಾಗಬೇಕು. ನನ್ನ ಪ್ರತಿಯೊಂದು ಗೆಣ್ಣಿಗೂ ಭಾವಚಿತ್ರ ಸಹಿತ ಗುರುತಿನ ಚೀಟಿ ಮಾಡಿಸಿಕೊಡಲು ಸಿದ್ಧಳಿದ್ದೇನೆ, ಪಾಳಿ ಬದಲಾದಾಗಲೆಲ್ಲ ತಮ್ಮ ಸಿಬ್ಬಂದಿ ಅದನ್ನು ಪರಿಶೀಲಿಸಿ ಒಳಬಿಡಲಿ. ತಮ್ಮಲ್ಲಿ ಉತ್ಸಾಹ ಅಷ್ಟೊಂದು ಉಕ್ಕುತ್ತಿದ್ದರೆ ಅದರಲ್ಲಿ ಒಂದು ತುಕಡಿಯನ್ನು ವರ್ಷವಿಡೀ ಸೀನುವ ನಮ್ಮ ಹೆಡ್ ಮೇಡಮ್ಮಿಗೆ ಎರವಲು ಕಳಿಸಿಕೊಡಬಹುದು. ಸಾಗಣೆಯ ವ್ಯವಸ್ಥೆ ನನ್ನದು. ತಮಗೆ ಹೊಡೆಯಲೇಬೇಕೆಂಬ ಕೈಕಡಿತ ಬಂದಾಗ ನನ್ನ ಪಾದದಲ್ಲಿ ಹನ್ನೆರಡು ವರ್ಷದಿಂದ ಬಾಡಿಗೆಯಿಲ್ಲದೆ ಕೂತಿರುವ ಆಣಿಯೊಂದಿದೆ, ಅದರ ಮೇಲೆ ದಯಮಾಡಿ ಕೈ ಮಾಡಿ. ಇಷ್ಟು ವರ್ಷ ಅದನ್ನು ಮನೆಯವರೆಂದು ತಿಳಿದು ಸುಮ್ಮನಿದ್ದವರು ನನ್ನ ಬೆರಳನ್ನು ಹೊರಗಿನವರೆಂದು ತಿಳಿದದ್ದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು. ನನ್ನ ಕಡೆಯಿಂದ ನಾನು ಮಾಡಬೇಕಾದ್ದನ್ನು ಮಾಡುತ್ತೇನೆ: ವಾರದ ಮಾತ್ರೆ ತಪ್ಪಿಸುವುದಿಲ್ಲ, ವಸಡು ಉಜ್ಜುತ್ತೇನೆ, ಬಿಸಿಲಿರುವಾಗ ನಡೆಯುತ್ತೇನೆ, ಸೋದರತ್ತೆಯ ಹಾಗೆ ಸಹಿಸಿಕೊಂಡು ಕೂರುವುದಿಲ್ಲ. ಅಂದ ಹಾಗೆ, ಕಳೆದ ತಿಂಗಳು ಅತ್ತೆಯನ್ನೂ ಅದೇ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿದ್ದೆ. ವಾಲಿದ ಬೆರಳು ಇನ್ನು ನೆಟ್ಟಗಾಗುವುದಿಲ್ಲವಂತೆ. ಆದರೆ ನೋವು ಅರ್ಧಕ್ಕರ್ಧ ಇಳಿದಿದೆ. “ಮೂವತ್ತು ವರ್ಷದ ಹಿಂದೆ ಯಾರಾದ್ರೂ ಹೇಳಿದ್ರೆ ಆಗ್ತಿರಲಿಲ್ವಾ?” ಎಂದು ನನ್ನನ್ನೇ ಗದರಿದರು. ನಾನು ಆಗ ಏಳನೆಯ ತರಗತಿ.

ತಾವು ಸಹ ಸ್ವಲ್ಪ ಸ್ವಲ್ಪವೇ ಮಾತು ಕೇಳತೊಡಗಿದಿರಿ ಎಂಬುದನ್ನು ದಾಖಲಿಸದಿದ್ದರೆ ನಾನು ಕೃತಘ್ನಳಾಗುತ್ತೇನೆ. ಹತ್ತನೆಯ ವಾರ ಊತ ಇಳಿಯಿತು. ಹನ್ನೆರಡನೆಯ ವಾರ ಬೆಳಗಿನ ಬಿಗಿತ ಕಾಲು ಗಂಟೆಗೆ ಬಂತು. ಎರಡು ಕೈಯ ಕಿರುಬೆರಳುಗಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ; ನಾನು ಅವುಗಳ ಕೆಲಸವನ್ನು ಉಂಗುರಬೆರಳುಗಳಿಗೆ ವಹಿಸಿದ್ದೇನೆ.

ಆದರೆ ನಾನು ತಮಗೆ ಮುಖ್ಯವಾಗಿ ತಿಳಿಸಬೇಕಾದದ್ದು ಕಳೆದ ಭಾನುವಾರದ ಸಂಗತಿ. ಕಾಯಿಲೆಯ ಅಷ್ಟೂ ತಿಂಗಳು ಅಣ್ಣ ನಾನು ಹೇಳಿದ್ದಕ್ಕೆಲ್ಲ ಹೂಂ ಎಂಬಂತೆ ತಲೆಯಾಡಿಸುತ್ತಿದ್ದ. ನನಗೆ ಉತ್ತರ ಕೊಡುವ ಶ್ರಮವಾಗದಿರಲೆಂದು ಅವನ ಲೆಕ್ಕ. ಬಾಲ್ಯದಿಂದ ಒಂದು ದಿನವೂ ನನ್ನ ಮಾತಿಗೆ ಎದುರಾಡದೆ ಇರದವನು ಹಾಗೆ ಹೂಂಗುಟ್ಟುತ್ತಾ ಕೂತರೆ, ನಾನು ಈಗಲೇ ಫೋಟೋ ಆಗಿ ಗೋಡೆ ಹತ್ತಿದ್ದೇನೇನೋ ಎನಿಸುತ್ತಿತ್ತು. ಭಾನುವಾರ ಬೆಳಗ್ಗೆ ಅವನು ಹೊಸ ಕಿಟಕಿಗೆ ಬಾಗಿಲು ಕೂಡಿಸುತ್ತಿದ್ದ. ಅದು ಒಳಕ್ಕೆ ತೆರೆಯಬೇಕು ಅಂದೆ ನಾನು. ಅವನು ನನ್ನ ಕೈಗಳನ್ನು ಒಮ್ಮೆ ಅಳೆಯುವವನಂತೆ ನೋಡಿದ. ಆಮೇಲೆ ಸುತ್ತಿಗೆ ಕೆಳಗಿಟ್ಟು ಅಂದ: “ನಿನಗೇನು ಗೊತ್ತು ಮಣ್ಣು?”

ಮಾನ್ಯರೇ, ಮುಕ್ಕಾಲು ಗಂಟೆ ಜಗಳವಾಡಿದೆವು. ಕಿಟಕಿಯಿಂದ ಶುರುವಾದದ್ದು ನಾನು ಎಂಟನೆಯ ವಯಸ್ಸಿನಲ್ಲಿ ಅವನ ಬುಗುರಿ ಕಳೆದದ್ದರವರೆಗೆ ಹೋಯಿತು. ಅವನು ಹೇಳಿ ಮುಗಿಸುವ ಮುಂಚೆಯೇ ನಾನು ಅಡ್ಡ ಹಾಕುತ್ತಿದ್ದೆ, ನಾನು ಹೇಳುವಾಗ ಅವನು ಬೇಕೆಂದೇ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ನಮ್ಮನ್ನು ಬಿಡಿಸಲು ಬಂದಿದ್ದಾಳೆಂದು ನಾನು ತಿಳಿದರೆ, ಅವಳು ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯೆತ್ತಿ ಬೆರಳುಗಳನ್ನು ಗಾಳಿಯಲ್ಲಿ ಅಲ್ಲಾಡಿಸುತ್ತಿದ್ದಳು. ನಮ್ಮ ಸನ್ನೆಯಲ್ಲಿ ಅದು ಚಪ್ಪಾಳೆ.

ಬೇರೆ ವಿಳಾಸಕ್ಕೆ ಹೋಗಲು ತಮಗೂ ನನಗೂ ಅನುಕೂಲವಿಲ್ಲದ ಕಾರಣ, ಏನೇ ಆದರೂ ಕೊನೆಯವರೆಗೆ

ತಮ್ಮ ವಿಶ್ವಾಸಿಯಾಗಿಯೇ ಇರಬೇಕಾದ,
ಕಿವುಡ ಮಕ್ಕಳ ಶಾಲೆಯ ಟೀಚರು

ಮರೆತ ಮಾತು: ಈ ಪತ್ರದಲ್ಲಿ ತಮ್ಮ ಮನಸ್ಸಿಗೆ ನೋವಾಗುವಂಥದ್ದು ಏನಾದರೂ ಇದ್ದರೆ ತಾವು ಧಾರಾಳವಾಗಿ ಉತ್ತರ ಬರೆಯಬಹುದು. ಆದರೆ ದಯವಿಟ್ಟು ಕಾಗದದ ಮೇಲೆ ಬರೆಯಿರಿ. ನನ್ನ ಮೊಣಕಾಲಿನ ಮೇಲೆ ಬೇಡ.